ಕಾಲರಿನ ವಿಷಯ

ಫೈಲಿನ ಆ ಹಾಳೆಯನ್ನು ಹರಿದು ನುಂಗಿಬಿಡಲೇ ಎನ್ನುವಷ್ಟು ಹೆದರಿಕೆ ಹಿರಿಯ ನರ್ಸಿಗೆ ಆಗಿದ್ದು ಇದೇ ಮೊದಲು. ಮಾನಸಿಕ ರೋಗಿಗಳ ವಾರ್ಡಿನಲ್ಲಿ ಹದಿನೆಂಟು ವರ್ಷ ಸವೆಸಿ, ಮೇಜು ಎತ್ತಿ ಎಸೆಯುವವರ ಮುಂದೆಯೂ ಜಗ್ಗದೆ ನಿಂತ ಹೆಂಗಸು, ಈಗ ಒಬ್ಬ ಮುದಿ ಟೈಲರಿಗೆ ಹೆದರಿ ಕಾರಿಡಾರಿನ ಗೋಡೆಗೆ ಒರಗಿದ್ದಳು.

ಎಲ್ಲ ತರಬೇತಿ ಮೇಡಂ ತಂದಿಟ್ಟ ಫಜೀತಿ. ರೋಗಿಗಳ ಮನೆಯವರ ಜೊತೆ ಹೇಗೆ ನಡೆದುಕೊಳ್ಳಬೇಕು ಎಂದು ಸಿಬ್ಬಂದಿಗೆ ಕಲಿಸಲು ಬಂದ ಆ ಹುಡುಗಿ ಆರು ವಾರ ಚಾರ್ಟು, ಬಣ್ಣದ ಪೆನ್ನು ಅಂತ ಕಾಲ ಕಳೆದು, ಕೊನೆಯ ಪಾಠ ಅಂತ ಒಂದು ಬಾಂಬು ಇಟ್ಟುಕೊಂಡಿದ್ದಳು. "ಮನೆಯವರ ಬಗ್ಗೆ ನೀವು ಫೈಲಲ್ಲಿ ಏನು ಬರೆದಿದೀರೋ ಅದನ್ನ ಅವರ ಎದುರಿಗೇ ಓದಬೇಕು. ಒಂದಕ್ಷರ ಬಿಡೋ ಹಾಗಿಲ್ಲ." ಯಾರಿಗೆ ಯಾವ ಮನೆಯವರು ಎಂದು ಚೀಟಿ ಎತ್ತಿಸಿದಾಗ ಹಿರಿಯ ನರ್ಸಿನ ಪಾಲಿಗೆ ಬಂದದ್ದು 'ಪ್ರಶ್ನೆಪತ್ರಿಕೆ'.

ಆ ಅಡ್ಡಹೆಸರು ಇಟ್ಟವಳೂ ಇವಳೇ. ಮಗನನ್ನು ನೋಡಲು ವಾರಕ್ಕೊಮ್ಮೆ ಬರುತ್ತಿದ್ದ ಆ ಟೈಲರಪ್ಪ ಒಂದೇ ಉಸಿರಿಗೆ ಹತ್ತು ಪ್ರಶ್ನೆ ಕೇಳುತ್ತಿದ್ದ. ನಿದ್ದೆ ಮಾಡಿದನಾ, ಊಟ ಸೇರಿತಾ, ಯಾರ ಹತ್ತಿರ ಮಾತಾಡಿದ, ಯಾಕೆ ಮಾತಾಡಲಿಲ್ಲ. "ಪ್ರಶ್ನೆಪತ್ರಿಕೆ ಬಂತು, ಓಡ್ರೇ!" ಎಂದು ನರ್ಸುಗಳೆಲ್ಲ ಔಷಧಿ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಇವತ್ತು ನಾಲ್ಕು ಗಂಟೆಗೆ ಆ ಮಗನಿಗೆ ಡಿಸ್ಚಾರ್ಜ್. ಹಿಂದಿನ ಸಲ ಮನೆಗೆ ಹೋದವನು ಮಾತ್ರೆ ಬಿಟ್ಟು, ಒಂದೇ ತಿಂಗಳಿಗೆ ಅಂಗಡಿಯ ಗಾಜು ಒಡೆದು, ರಕ್ತ ಸೋರುವ ಕೈ ಹಿಡಿದುಕೊಂಡು ವಾಪಸು ಬಂದಿದ್ದ. ಈ ಸಲ ಹಾಗಾಗುವುದಿಲ್ಲ, ದಿನಾ ಬೆಳಿಗ್ಗೆ ನನ್ನ ಕಣ್ಣೆದುರೇ ನುಂಗುತ್ತಿದ್ದಾನೆ ಎಂದು ಡಾಕ್ಟರಿಗೆ ಭರವಸೆ ಕೊಟ್ಟವಳು ಹಿರಿಯ ನರ್ಸೇ.

ಭೇಟಿ ಕೋಣೆಯಲ್ಲಿ ಟೈಲರಪ್ಪ ಕುರ್ಚಿಯ ತುದಿಯಲ್ಲಿ ಕೂತಿದ್ದ. ಕನ್ನಡಕ ದಾರದಲ್ಲಿ ಕೊರಳಿಗೆ ಜೋತುಬಿದ್ದಿತ್ತು. ಮೂಲೆಯಲ್ಲಿ ತರಬೇತಿ ಮೇಡಂ. ಹಿರಿಯ ನರ್ಸು ಗಂಟಲು ಸರಿಮಾಡಿಕೊಂಡು ಓದಿದಳು.

"ತಂದೆ ಪ್ರತಿ ವಾರ ತಪ್ಪದೆ ಬರುತ್ತಾರೆ. ಮಗನ ಬಟ್ಟೆ ಒಗೆದು ತರುತ್ತಾರೆ." ಅಲ್ಲಿಂದ ಮೂರು ಸಾಲು ಹಾರಿಸಿದಳು. "ಎರಡು ವಾರದಿಂದ ಮಗ ಕೈಕೆಲಸದ ಕೋಣೆಯಲ್ಲಿ ಚೆನ್ನಾಗಿ ಹೊಲಿಯುತ್ತಿದ್ದಾನೆ. ತಂದೆಗೆ ತಿಳಿಸಲಾಗಿದೆ." ಫೈಲು ಮುಚ್ಚಿದಳು.

"ಅಷ್ಟೇನಾ ಸಿಸ್ಟರ್?"

"ಅಷ್ಟೇ ಯಜಮಾನ್ರೇ."

"ಕಾಲರಿನ ವಿಷಯ ಬರ್ಲೇ ಇಲ್ವಲ್ಲ." ಟೈಲರಪ್ಪ ಮುಂದಕ್ಕೆ ಬಾಗಿದ. "ಹೋದ ವಾರ ಹೇಳಿದ್ನಲ್ಲ, ಮಗ ನೀಲಿ ಅಂಗಿ ಒಂದನ್ನ ಮಾತ್ರ ಒಗೆಯೋಕೆ ಕೊಡ್ತಿಲ್ಲ, ಅದರ ಕಾಲರ್ ಸರಿಯಾಗಿ ಕೂತಿಲ್ಲ ಅಂತ. ನಾನೇ ಹೊಲಿದಿರೋ ಅಂಗಿ, ನನ್ನ ಕಾಲರ್ ಹಾಗೆ ಉಬ್ಬಲ್ಲ. ನೀವು ಬರ್ಕೊಳ್ತಾ ಇದ್ದದ್ದನ್ನ ನೋಡ್ದೆ. ಸದ್ಯ, ಇನ್ನು ಅವರೇ ನೋಡ್ಕೋತಾರೆ ಅಂತ ನಿಶ್ಚಿಂತೆಯಾಗಿ ಮನೆಗೆ ಹೋದೆ."

ಹಿರಿಯ ನರ್ಸು ಫೈಲನ್ನು ಇನ್ನೂ ಮುಚ್ಚಿಯೇ ಹಿಡಿದಿದ್ದಳು. ಮೂಲೆಯತ್ತ ನೋಡಿದಳು. ತರಬೇತಿ ಮೇಡಂ ಪೆನ್ನಿನ ಮುಚ್ಚಳ ತಿರುಗಿಸುತ್ತ ನೆಲ ನೋಡುತ್ತಿದ್ದಳು, ಅಲ್ಲಿಂದ ಸಹಾಯ ಬರುವ ಹಾಗೆ ಕಾಣಲಿಲ್ಲ. ಹಿರಿಯ ನರ್ಸು ಅದೇ ಹಾಳೆಯನ್ನು ಮತ್ತೆ ತೆಗೆದು, ಹಾರಿಸಿದ್ದನ್ನು ಓದಿದಳು.

"ತಂದೆ ಅತಿ ಆತಂಕದ ಸ್ವಭಾವದವರು. ಮಗನ ಬಟ್ಟೆಯ ಬಗ್ಗೆ ಅರ್ಥವಿಲ್ಲದ ಪ್ರಶ್ನೆ ಕೇಳಿ ಸಿಬ್ಬಂದಿಯ ಸಮಯ ಹಾಳು ಮಾಡುತ್ತಾರೆ. ಗಮನ ಕೊಡುವ ಅಗತ್ಯವಿಲ್ಲ."

ಟೈಲರಪ್ಪ ಕೂಗಾಡಿದ್ದರೆ ಎಷ್ಟೋ ವಾಸಿ ಇತ್ತು. ಅವನು ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸಿದ. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದ.

"ಇವತ್ತು ಅವನು ಯಾವ ಅಂಗಿ ಹಾಕ್ಕೊಂಡಿದಾನೆ ಸಿಸ್ಟರ್?"

ನೀಲಿ. ಬೆಳಿಗ್ಗೆ ತಾನೇ, "ಏನಪ್ಪಾ, ಮದುಮಗನ ಹಾಗೆ ಕಾಣ್ತಿದೀಯ" ಎಂದು ರೇಗಿಸಿದ್ದಳು. ಉತ್ತರ ಕೊಡುವ ಮೊದಲೇ ಅವಳು ಎದ್ದುಬಿಟ್ಟಿದ್ದಳು.

ವಾರ್ಡಿಗೆ ನಲವತ್ತು ಹೆಜ್ಜೆ. ಆ ನಲವತ್ತು ಹೆಜ್ಜೆಯುದ್ದಕ್ಕೂ ಟೈಲರಪ್ಪ ಅವಳ ಹಿಂದೆಯೇ ಬಂದ. ಆ ಕಾಲರಿನಲ್ಲಿ ಏನೂ ಇಲ್ಲದಿರಲಿ, ಇದು ಮುದುಕನ ಬರೀ ಗೀಳು ಎಂದಾಗಲಿ, ನಾನು ಬರೆದದ್ದೇ ಸರಿ ಎಂದಾಗಲಿ ಎಂದು ಬೇಡಿಕೊಳ್ಳುತ್ತಿರುವುದು ಅರಿವಾಗಿ ಅವಳಿಗೇ ನಾಚಿಕೆಯಾಯಿತು.

ಮಗ ಚೀಲ ತೊಡೆಯ ಮೇಲಿಟ್ಟುಕೊಂಡು ಮಂಚದಲ್ಲಿ ಕೂತಿದ್ದ.

"ಅಂಗಿ ಬಿಚ್ಚಿ ಕೊಡು ಮಗಾ. ಕಾಲರ್ ನೋಡ್ಬೇಕು."

"ಮನೆಗೆ ಹೋಗಿ ನೋಡಿದ್ರಾಯ್ತಲ್ಲ ಅಪ್ಪ."

"ಇಲ್ಲೇ ನೋಡೋಣ."

ಮಗ ಅಪ್ಪನನ್ನು ನೋಡಿದ, ನರ್ಸನ್ನು ನೋಡಿದ, ಆಮೇಲೆ ಒಂದೊಂದೇ ಗುಂಡಿ ಬಿಚ್ಚಿದ. ಟೈಲರಪ್ಪನ ಕತ್ತರಿಯನ್ನು ಗೇಟಿನಲ್ಲೇ ಇಟ್ಟುಕೊಂಡಿದ್ದರು. ಅವನು ಕಾಲರಿನ ದಾರವನ್ನು ಹಲ್ಲಿನಲ್ಲಿ ಕಚ್ಚಿ ಕಿತ್ತ. ಹಿರಿಯ ನರ್ಸು ಅಂಗೈ ಚಾಚಿದಳು. ಬಿಳಿ ಮಾತ್ರೆಗಳು ಒಂದಾದ ಮೇಲೊಂದು ಬಿದ್ದವು, ಕತ್ತಿನ ಬೆವರಿಗೆ ಅಂಚು ಕರಗಿದ್ದವು. ಹದಿಮೂರು. ಹದಿಮೂರು ಬೆಳಿಗ್ಗೆ 'ನುಂಗಿದ್ದಾನೆ' ಎಂದು ಅವಳು ಸಹಿ ಹಾಕಿದ್ದಳು.

"ಎಂಥ ಸಣ್ಣ ಹೊಲಿಗೆ ಹಾಕಿದೀಯೋ," ಎಂದ ಟೈಲರಪ್ಪ. ಕಿತ್ತ ಅಂಚನ್ನು ಹೆಬ್ಬೆರಳಲ್ಲಿ ಸವರಿದ.

"ನಾಲಿಗೆ ಕೆಳಗೆ ಇಟ್ಕೊಂಡು ಆಮೇಲೆ ತೆಗೀತಿದ್ದೆ. ಮಾತ್ರೆ ನುಂಗಿದ್ರೆ ಕೈ ನಡುಗುತ್ತೆ ಅಪ್ಪ. ಸೂಜಿಗೆ ದಾರ ಪೋಣಿಸೋಕಾಗಲ್ಲ. ಅಂಗಡೀಲಿ ಕೂತು ನಾನೇನು ಮಾಡ್ಲಿ?"

"ಹೋದ ಸಲಾನೂ ಅದಕ್ಕೇ ಬಿಟ್ಟೆಯಾ?"

ಮಗ ಹೌದೆಂದು ತಲೆಯಾಡಿಸಿದ.

"ಒಂದು ಮಾತು ಹೇಳಬಾರ್ದಾಗಿತ್ತಾ?"

"ನೀನು ಅವರನ್ನ ಕೇಳ್ತಿದ್ದೆ. ಅವರು ಫೈಲು ನೋಡ್ತಿದ್ರು. ನನ್ನನ್ನ ಯಾರೂ ಕೇಳ್ಲಿಲ್ಲ."

ಹಿರಿಯ ನರ್ಸು ಮಾತ್ರೆಗಳನ್ನು ಕರವಸ್ತ್ರದಲ್ಲಿ ಕಟ್ಟಿದಳು. ಡಾಕ್ಟರಿಗೆ ಇದನ್ನು ಹೇಳಿದ ಮೇಲೆ ಆ ಹದಿಮೂರು ಸಹಿಗೆ ಅವಳೇ ಉತ್ತರ ಕೊಡಬೇಕು. ಟೈಲರಪ್ಪನತ್ತ ತಿರುಗಿದಳು.

"ಇವತ್ತು ಮನೆಗೆ ಬೇಡ ಯಜಮಾನ್ರೇ. ಕೈ ನಡುಗದ ಹಾಗೆ ಬೇರೆ ಮಾತ್ರೆ ಕೊಡೋಕಾಗುತ್ತಾ ಅಂತ ಡಾಕ್ಟರನ್ನ ಕೇಳೋಣ. ನಾನೇ ಹೇಳ್ತೀನಿ ಅವರಿಗೆ. ತಪ್ಪು ನಂದು."

ಟೈಲರಪ್ಪ ಅಂಗಿಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡ. ಮಗ ಬನಿಯನಿನಲ್ಲೇ ಸ್ವಲ್ಪ ಆಚೆ ಸರಿದು ಅಪ್ಪನಿಗೆ ಮಂಚದಲ್ಲಿ ಜಾಗ ಮಾಡಿಕೊಟ್ಟ. ಭೇಟಿಗೆ ಬಂದವರು ಕೂರುವ ಸ್ಟೂಲು ಖಾಲಿ ಇತ್ತು. ಹದಿನೆಂಟು ವರ್ಷದಲ್ಲಿ ಹಿರಿಯ ನರ್ಸು ಅದರ ಮೇಲೆ ಕೂತದ್ದಿಲ್ಲ. ಎಳೆದುಕೊಂಡು ಕೂತಳು. ಅದೇ ಹಾಳೆ ತೆಗೆದಳು. ಬರೆದದ್ದರ ಕೆಳಗೆ ಇನ್ನೂ ಜಾಗವಿತ್ತು.

"ನಿಧಾನವಾಗಿ ಹೇಳಿ, ಇಬ್ರೂ," ಎಂದಳು.

ಟೈಲರಪ್ಪ ಕನ್ನಡಕ ಏರಿಸಿಕೊಂಡ. ಅವನಿಗೆ ಕಾಣುವ ಹಾಗೆ ಅವಳು ಫೈಲನ್ನು ಒಂದಿಷ್ಟು ತಿರುಗಿಸಿ ಹಿಡಿದಳು.