ಹಾರೆಯ ಏಟು

ನಾನು ಒಂದು ಕಬ್ಬಿಣದ ಬೀರು. ಹುಬ್ಬಳ್ಳಿಯ ಒಂದು ಶೆಡ್ಡಿನಲ್ಲಿ ನನ್ನನ್ನು ಬಡಿದು, ಬಗ್ಗಿಸಿ, ಬೂದು ಬಣ್ಣ ಬಳಿದರು. ಬೆಸುಗೆಯ ಉರಿ ಇನ್ನೂ ನೆನಪಿದೆ. ಅದಕ್ಕಿಂತ ಹೆಚ್ಚು ನನ್ನನ್ನು ಸುಟ್ಟದ್ದು ಪುರಸಭೆಯ ನೀರು ಸರಬರಾಜು ವಿಭಾಗ.

ಅಲ್ಲಿ ನನ್ನ ಹೊಟ್ಟೆಗೆ ಊರಿನ ನೆಲದಡಿಯ ನಕ್ಷೆಗಳನ್ನು ತುಂಬಿದರು. ಕುಡಿಯುವ ನೀರಿನ ಪೈಪು ಯಾವ ಓಣಿಯಲ್ಲಿ ಹೋಗಿದೆ, ಎಲ್ಲಿ ಗಟಾರದ ಕೆಳಗೆ ಹಾಯುತ್ತದೆ, ಎಲ್ಲವೂ ನನ್ನೊಳಗೆ. ಇಂಜಿನಿಯರ್ ಕಲಕೋಟಿ ಯಾರಿಗೂ ನನ್ನನ್ನು ಮುಟ್ಟಗೊಡುತ್ತಿರಲಿಲ್ಲ. ನಕಲು ಕೇಳಿದವರಿಗೆ, "ಏನ್ ಬೇಕಾದ್ರೂ ನನ್ನ ಕೇಳ್ರಿ, ನಕ್ಷೆ ಯಾಕ?" ಎನ್ನುತ್ತಿದ್ದ. ಎಲ್ಲರಿಗೂ ಗೊತ್ತಾದರೆ ತನ್ನನ್ನು ಕೇಳುವವರೇ ಇರುವುದಿಲ್ಲ ಎಂಬ ಭಯ ಅವನಿಗೆ.

ಅವನಿಗೆ ಬೇಡದ ಊರಿಗೆ ವರ್ಗವಾಯಿತು. ಸಿಟ್ಟಿನಲ್ಲಿ ಚಾರ್ಜು ಕೊಡದೆ, ನನ್ನ ಕೀಲಿಯನ್ನು ಜೇಬಿಗಿಳಿಸಿ ಹೊರಟುಹೋದ. ಅವನ ಜಾಗಕ್ಕೆ ಬಂದ ಹಾದಿಮನಿ ನನ್ನನ್ನು ನೋಡಿದ, ಮುಟ್ಟಲಿಲ್ಲ. "ಚಾರ್ಜ್ ಪಟ್ಟಿ ಇಲ್ದ ತೆಗದ್ರ, ಒಳಗ ಇರ್ಲಾರದ್ದೆಲ್ಲ ನನ್ನ ತಲೀಗೆ ಬರತೈತಿ" ಎಂದು ಗುಮಾಸ್ತನಿಗೆ ಹೇಳಿ, ಬಾಗಿಲಿಗೆ ಕಾಗದ ಅಂಟಿಸಿ ಮೊಹರು ಒತ್ತಿದ. ಕಲಕೋಟಿಗೆ ಪತ್ರ ಬರೆದ. ಉತ್ತರ ಬರಲಿಲ್ಲ. ಇನ್ನೊಂದು ಬರೆದ. ಕಚೇರಿಯಲ್ಲಿ ಇದಕ್ಕೆ ಕೆಲಸ ಎನ್ನುತ್ತಾರೆ.

ಆ ಬೇಸಿಗೆಯಲ್ಲಿ ಕುಂಬಾರ ಓಣಿಯ ನಳಗಳಲ್ಲಿ ಗಟಾರದ ನೀರು ಬಂತು. ಪೈಪು ಗಟಾರವನ್ನು ಹಾಯುವ ಜಾಗ ಆ ಓಣಿಯಲ್ಲಿ ಒಂದೇ, ಅದನ್ನು ನಕ್ಷೆಯಲ್ಲಿ ಗುರುತು ಮಾಡಿತ್ತು. ಕಚೇರಿಯವರು ಅಂದಾಜಿನ ಮೇಲೆ ಓಣಿ ತುಂಬ ಅಗೆದರು.

ಆ ಓಣಿಯಲ್ಲಿ ರೊಟ್ಟಿ ಬಡಿದು ಮಾರುವ ಫಕ್ಕೀರವ್ವ ಕಚೇರಿಗೆ ಬಂದಳು. ಹಾದಿಮನಿಯ ಮೇಜಿನ ಮುಂದೆ ನಿಂತು, "ಸಾಹೇಬ್ರ, ಕಾಮಣಿಯಾಗಿ, ಕಣ್ಣು ಹಳದಿ ಬಿದ್ದು, ದೊಡ್ಡ ಮಗಳು ದವಾಖಾನ್ಯಾಗ ಅದಾಳ. ಸಣ್ಣಾಂವ ಅದ ನೀರು ಕುಡ್ಯಾಕತ್ತಾನ. ಎಲ್ಲಿ ಒಡದೈತಿ ಹೇಳ್ರಿ" ಎಂದಳು.

"ನಕ್ಷೆ ಬೀರಿನ್ಯಾಗ ಐತವ್ವ. ಕೀಲಿ ಬರಬೇಕು."

"ಬೀರು ಎಲ್ಲೈತಿ?"

ಅವನು ನನ್ನತ್ತ ಬೊಟ್ಟು ಮಾಡಿದ.

"ಇಲ್ಲೇ ಐತಲ್ರೀ! ಇದೇನು ಮದುಮಗಳೇನ್ರಿ, ಮುಟ್ಟಾಕ ಮುಹೂರ್ತ ನೋಡಾಕ?"

"ಪಂಚರ ಮುಂದ ತೆಗೀಬೇಕವ್ವ. ಪರವಾನಗಿಗೆ ಬರದೇನಿ. ರೂಲ್ಸ್ ಅದಾವ."

ನಾನು ಕೂಗಿದೆ. ತಗಡಿನ ಕೂಗು ಯಾರಿಗೆ ಕೇಳಿಸಬೇಕು?

ಅವಳು ಹೊರಗೆ ಹೋದಳು. ಅಗೆಯುವವರ ಹಾರೆ ಗೋಡೆಗೆ ಒರಗಿತ್ತು. ಅದನ್ನು ಹಿಡಿದು ಒಳಗೆ ಬಂದಾಗ ಗುಮಾಸ್ತ, "ಏ, ಏ, ಸರಕಾರಿ ಮಾಲು!" ಎನ್ನುತ್ತ ಕುರ್ಚಿಯ ಹಿಂದೆ ಸರಿದ. ಮೊಹರು ಹರಿಯಿತು. ಬೀಗ ಸಿಡಿಯಿತು. ಬಾಗಿಲು ಸೊಟ್ಟಗಾಗಿ ತೆರೆಯಿತು. ಅಲ್ಲಿಯವರೆಗೆ ನನ್ನನ್ನು ಯಾರೂ ಅಷ್ಟು ಸರಿಯಾಗಿ ಬಳಸಿರಲಿಲ್ಲ.

ನಕ್ಷೆ ನೋಡಿ ಅಗೆದರು, ಸಂಜೆಯೊಳಗೆ ಪೈಪಿನ ಬಿರುಕು ಸಿಕ್ಕಿತು. ಸಣ್ಣವನು ಉಳಿದ. ದೊಡ್ಡವಳು ಸತ್ತಳು.

ನನ್ನನ್ನು ತೆರೆಯಲು ಹೆದರಿದ್ದವನು ಅವಳ ಮೇಲೆ ದೂರು ಬರೆಯಲು ಹೆದರಲಿಲ್ಲ. ಸರಕಾರಿ ಸ್ವತ್ತಿಗೆ ಹಾನಿಯಂತೆ! ಮಗಳನ್ನು ಮಣ್ಣು ಮಾಡಿ ಬಂದವಳ ವಿರುದ್ಧ ಪುರಾವೆಯಾಗಿ ನನ್ನನ್ನು ಪೊಲೀಸ್ ಠಾಣೆಯ ಹಿತ್ತಲಿಗೆ ಹೊತ್ತು ತಂದರು.

ಇಲ್ಲಿ ಮುರಿದ ಬೈಕುಗಳ ನಡುವೆ ತುಕ್ಕು ಹಿಡಿಯುತ್ತಿದ್ದೇನೆ. ಕಳ್ಳರಿಂದ ಕಾಯಲೆಂದು ನನ್ನನ್ನು ಮಾಡಿದರು. ಆದರೆ ಊರಿನಿಂದ ಆ ನಕ್ಷೆಯನ್ನು ಕದ್ದವನ ಜೇಬಿನಲ್ಲಿ ಕೀಲಿಯೇ ಇತ್ತು.

ಮೊನ್ನೆ ಹಾದಿಮನಿ ಬಂದಿದ್ದ. "ಕೇಸ್ ಮುಗದ ಮ್ಯಾಲ ಇದನ್ನ ರಿಪೇರಿ ಮಾಡ್ಸಿ ಒಯ್ತೀವ್ರಿ. ನಕ್ಷೆ ಭದ್ರ ಇಡಬೇಕಲ್ರಿ" ಎಂದು ಪೇದೆಗೆ ಹೇಳುತ್ತ ನನ್ನ ಬಾಗಿಲನ್ನು ದೂಡಿದ. ಮುಚ್ಚಲಿಲ್ಲ. ಭುಜ ಕೊಟ್ಟು ದೂಡಿದ. ಸೊಟ್ಟಗಾದ ತಗಡನ್ನೆಲ್ಲ ಬಿಗಿಹಿಡಿದು ನಾನು ತೆರೆದೇ ನಿಂತೆ.