ದೊಡ್ಡೋರ ಮಾತ್ರೆ

“ಒತ್ತೇ ಮುಂಡೆ! ಕೈಗೇನು ಲಕ್ವ ಹೊಡ್ದಿದ್ಯಾ? ತಿನ್ನೋಕಾದ್ರೆ ಎರಡೂ ಕೈ ಬರುತ್ತೆ!”

ಯಜಮಾನಿ ಮಂಚದ ಮೇಲೆ ಕಾಲು ಚಾಚಿದ್ದಳು. ನೆಲದ ಮೇಲೆ ಮಂಡಿಯೂರಿ ಒತ್ತುತ್ತಿದ್ದವಳು ನನ್ನ ಅತ್ತಿಗೆ. ನಮ್ಮಣ್ಣ ಸತ್ತ ಮೇಲೆ ಆ ಬೈಗುಳವೇ ಅವಳ ಹೆಸರಾಗಿತ್ತು. ಆ ಮನೆಯಲ್ಲಿ ಅಡುಗೆ ನನ್ನದು. ಬಟ್ಟೆ, ಪಾತ್ರೆ, ಯಜಮಾನಿಯ ಕಾಲು ಅವಳದು.

ಯಜಮಾನಿಯ ಕಾಲುನೋವಿಗೆ ಕೊಲೆಸ್ಟ್ರಾಲ್ ಮಾತ್ರೆಯೇ ಕಾರಣವೆಂದು ಡಾಕ್ಟರು ಅದನ್ನು ನಿಲ್ಲಿಸಿದ್ದರು. ದೊಡ್ಡ ಕಂಪನಿಯ ದುಬಾರಿ ಮಾತ್ರೆ. ಆದರೆ ಆ ಮನೆಯಲ್ಲಿ ಯಾವುದೂ ದಂಡವಾಗಬಾರದು. ಬಣ್ಣ ಹೋದ ಬಟ್ಟೆ, ಹಳಸಿದ ಅನ್ನ ನಮ್ಮ ಪಾಲಿಗೆ ಬರುತ್ತಿದ್ದ ಹಾಗೆ ಮಾತ್ರೆಯೂ ಅತ್ತಿಗೆಯ ಪಾಲಿಗೆ ಬಂತು.

“ನಿಂಗೂ ಕೊಲೆಸ್ಟ್ರಾಲ್ ಅಂತಲ್ಲೇ? ಧರ್ಮಾಸ್ಪತ್ರೆ ಮಾತ್ರೇಲಿ ಏನಿರುತ್ತೆ, ಸುಣ್ಣ! ಇದನ್ನ ನುಂಗು.”

“ನಿಮಗೆ ಕಾಲುನೋವು ಬಂತಲ್ಲಮ್ಮಾ?”

“ನಂದು ಸುಖದ ಮೈ ಕಣೇ. ನಿಂದು ಕತ್ತೆ ಮೈ, ಏನೂ ಆಗಲ್ಲ.”

ಅತ್ತಿಗೆ ಧರ್ಮಾಸ್ಪತ್ರೆಯ ಮಾತ್ರೆಯನ್ನೂ ಬಿಡಲಿಲ್ಲ. “ಬಿಟ್ಟಿ ಸಿಕ್ಕಿದ್ದನ್ನ ಯಾರಾದ್ರೂ ಎಸೀತಾರೇನೇ? ಬಡವರದ್ದೊಂದು, ದೊಡ್ಡೋರದ್ದೊಂದು. ಎರಡೂ ಸೇರಿದ್ರೆ ಬೇಗ ವಾಸಿಯಾಗುತ್ತೆ” ಎಂದು ನಕ್ಕಳು. ನನಗೂ ಸರಿ ಅನ್ನಿಸಿತು.

ಆಮೇಲೆ ಅವಳಿಗೆ ಒದ್ದೆ ಬಟ್ಟೆ ಹಿಂಡಲು ಆಗಲಿಲ್ಲ. ತೋಳು, ತೊಡೆ ಮುಟ್ಟಿದರೆ ಚೀರುತ್ತಿದ್ದಳು. ಯಜಮಾನಿ ಅವಳನ್ನು ಮೈಗಳ್ಳಿ ಎಂದಳು, ನಾಟಕದವಳು ಎಂದಳು. ಇವತ್ತು ಬೆಳಿಗ್ಗೆ ಅತ್ತಿಗೆಯ ಉಚ್ಚೆ ಚಹಾದ ಬಣ್ಣಕ್ಕೆ ತಿರುಗಿತ್ತು. “ಕೈ ಹೋದ್ರೆ ನನ್ನ ಯಾರೇ ಇಟ್ಕೋತಾರೆ?” ಎಂದು ಬಚ್ಚಲಲ್ಲಿ ಕೂತು ಅತ್ತಳು.

ಯಜಮಾನಿಯನ್ನು ನೋಡಲು ಡಾಕ್ಟರು ಬಂದಾಗ ಅತ್ತಿಗೆ ನುಂಗುತ್ತಿದ್ದ ಎರಡೂ ಮಾತ್ರೆಗಳನ್ನು ಅವರ ಮುಂದೆ ಹಿಡಿದೆ. ಉಚ್ಚೆಯ ಬಣ್ಣವನ್ನೂ ಹೇಳಿದೆ.

“ಎರಡೂ ಒಟ್ಟಿಗೆ ತಗೊಂಡಳಾ? ಎರಡರಲ್ಲೂ ಇರೋದು ಒಂದೇ ಔಷಧಿ. ಕಂಪನಿ ಬೇರೆ, ಬೆಲೆ ಬೇರೆ, ಅಷ್ಟೆ. ಇವಳ ಮೈಗೆ ಡಬಲ್ ಬಿದ್ದಿದೆ. ಈಗಲೇ ದೊಡ್ಡಾಸ್ಪತ್ರೆಗೆ ಸೇರಿಸಿ, ಇಲ್ಲಾಂದ್ರೆ ಕಿಡ್ನಿ ಹೋಗುತ್ತೆ.”

ಯಜಮಾನಿಯ ಮುಖ ಕೆಂಪಾಯಿತು. ಅತ್ತಿಗೆಯ ಕಿಡ್ನಿಗಾಗಿ ಅಲ್ಲ.

“ಒಂದೇನಾ? ನಾನು ನುಂಗಿದ್ದೂ ಈ ಬೇವರ್ಸಿ ನುಂಗಿದ್ದೂ ಒಂದೇನಾ ಡಾಕ್ಟ್ರೇ?”

ಡಾಕ್ಟರು ಬ್ಯಾಗು ಎತ್ತಿಕೊಂಡು ಹೊರಟುಹೋದರು. ಅವರಿಗೆ ಮುಂದಿನ ತಿಂಗಳೂ ಈ ಮನೆಗೆ ಬರಬೇಕಿತ್ತು.

“ಹೋಗ್ಲಿ, ಆಸ್ಪತ್ರೆ ಎಲ್ಲಿಗೂ ಓಡಿಹೋಗಲ್ಲ. ಇನ್ನೊಂದು ಕಾಲು ಒತ್ತಿ ಹೋಗೇ” ಎಂದಳು ಯಜಮಾನಿ.

ಅತ್ತಿಗೆ ಗೋಡೆ ಹಿಡಿದು ಎದ್ದಳು. ಮಂಚದ ಅಂಚಿಗೆ ಕೂತಳು. ಆ ಮಂಚದ ಮೇಲೆ ನಾವು ಯಾವತ್ತೂ ಕೂತಿರಲಿಲ್ಲ. ಅವಳು ಹಲ್ಲು ಕಚ್ಚಿ, ಎರಡೂ ಕೈಯಿಂದ ತನ್ನ ಕಾಲುಗಳನ್ನು ಒಂದೊಂದಾಗಿ ಎತ್ತಿ, ಯಜಮಾನಿಯ ತೊಡೆಯ ಮೇಲಿಟ್ಟಳು. ಹಿಮ್ಮಡಿಯ ಬಿರುಕಿನ ಮಣ್ಣು ಬಿಳಿ ಸೀರೆಗೆ ಅಂಟಿತು.

“ಒತ್ತಮ್ಮಾ. ನಿನ್ನ ಮಾತ್ರೆ ಕೊಟ್ಟ ನೋವೇ ಇದು. ಎಲ್ಲಿ ಒತ್ಬೇಕು ಅಂತ ನಿಂಗೆ ಗೊತ್ತಿರುತ್ತೆ.”

“ಏಯ್! ಎಳೆಯೇ ಇವಳನ್ನ!” ಯಜಮಾನಿ ನನ್ನತ್ತ ತಿರುಗಿ ಕಿರುಚಿದಳು.

“ಗಾಡಿ ತರ್ತೀನಿ. ಅಲ್ಲೀವರೆಗೂ ಒತ್ತಿ” ಎಂದೆ.

ಹೊರಗೆ ಬಂದು ಕೋಣೆಯ ಚಿಲಕ ಹಾಕಿ, ಬೀದಿಗೆ ಓಡಿದೆ.