ಸುಮ್ನೆ ಕೂತಾಗ ಎಷ್ಟು ಕುಡಿಯೋದು?

"ಮಾವಾ, ಆ ಪ್ಲಗ್ ಮುಟ್ಟಬೇಡಿ!" ಎಂದು ಮಗಳು ಕೂಗುವಷ್ಟರಲ್ಲಿ ಸೋದರಮಾವ ಅದನ್ನು ಕಿತ್ತೇಬಿಟ್ಟಿದ್ದರು. ತೀರಿಕೊಂಡ ಅಪ್ಪನನ್ನು ಮಲಗಿಸಿದ್ದ ಫ್ರೀಜರ್ ಪೆಟ್ಟಿಗೆಗೆ ಕರೆಂಟು ಬೇಕಿತ್ತು. ಚಪ್ಪಲಿ ಗೂಡಿನ ಮೇಲಿನ ಖಾನೆಯಲ್ಲಿ ಮಿನುಗುತ್ತಿದ್ದ ಹಸಿರು ದೀಪ ಆರಿತು.

"ಏನಮ್ಮಾ ಅದು, ರೇಡಿಯೋನಾ?"

"ಸರ್ವರ್ರು ಮಾವಾ. ಮನೇವ್ರ ಫೋಟೋ ಎಲ್ಲ ಅದ್ರಲ್ಲೇ ಇರೋದು."

"ಇವತ್ತು ಯಾರು ಫೋಟೋ ನೋಡ್ತಾರೆ?"

ಇವತ್ತೇ ನೋಡಬೇಕಿತ್ತು. ಹನ್ನೊಂದಕ್ಕೆ ಸ್ಮಶಾನದ ಗಾಡಿ ಬರುವುದಿತ್ತು. ಅಪ್ಪನ ತಲೆಯ ಹತ್ತಿರ ಇಡಲು ಸಿಕ್ಕಿದ್ದು ಕಚೇರಿಯ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ ಒಂದೇ ಒಂದು ಪಟ. ಅಮ್ಮ ಅದನ್ನು ನೋಡಿದವಳೇ ಮಗುಚಿ ಹಾಕಿದ್ದಳು.

"ಕಳ್ಳನ್ನ ಹಿಡಿದು ತೆಗೆಸಿದ ಹಾಗಿದೆ! ಮೂವತ್ತೆಂಟು ವರ್ಷದಲ್ಲಿ ಈ ಮುಖ ನಾನು ಒಂದಿನ ನೋಡಿಲ್ಲ. ಇದನ್ನಿಟ್ಟು ನನ್ನ ಗಂಡನ್ನ ಕಳಿಸೋಕೆ ನಾನು ಬಿಡಲ್ಲ."

ಅಮ್ಮ ಹಿಡಿದ ಪಟ್ಟು ಬಿಡುವವಳಲ್ಲ. ಮಗಳು ಬೆಳಿಗ್ಗೆಯಿಂದ ಹುಡುಕಿ ಸೋತಿದ್ದಳು. ಇಪ್ಪತ್ತು ಸಾವಿರ ಫೋಟೋಗಳಲ್ಲಿ ಅಮ್ಮ ಇದ್ದಳು, ತಾನಿದ್ದಳು, ಸತ್ತುಹೋದ ಬೆಕ್ಕೂ ಇತ್ತು, ಅಪ್ಪ ಮಾತ್ರ ಇರಲಿಲ್ಲ. ಕ್ಯಾಮೆರಾ ಯಾವಾಗಲೂ ಅವನ ಕೈಯಲ್ಲೇ ಇರುತ್ತಿತ್ತಲ್ಲ. ದೀಪದ ಬುಡ ಕತ್ತಲೆ ಅನ್ನುವುದು ಸುಮ್ಮನಲ್ಲ.

*

ಅಪ್ಪ ಮೀಟರ್ ಓದುವವನು. ಮೂವತ್ತೊಂದು ವರ್ಷ ಕಂಡವರ ಗೋಡೆ ನೋಡಿಕೊಂಡು ಬದುಕಿದವನು. ನಿವೃತ್ತನಾದ ಮೇಲೆ, ಫೋನುಗಳಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಫೋಟೋಗಳನ್ನೆಲ್ಲ ಒಂದು ಕಡೆ ಕೂಡಿಡಬೇಕೆಂದು ಮಗಳನ್ನು ಕರೆದುಕೊಂಡು ಕಂಪ್ಯೂಟರ್ ಅಂಗಡಿಗೆ ಹೋದ.

"ಇದು ತಗೊಳ್ಳಪ್ಪಾ, ಗಾಳಿ ಥರ ಓಡುತ್ತೆ," ಎಂದು ಮಗಳು ಮೊಣಕಾಲೆತ್ತರದ ಪೆಟ್ಟಿಗೆಯೊಂದನ್ನು ತೋರಿಸಿದಳು.

ಅಪ್ಪ ಅದರ ಕಡೆ ತಿರುಗಿಯೂ ನೋಡಲಿಲ್ಲ. ಅಂಗಡಿಯವನ ಹತ್ತಿರ ಹೋಗಿ ಗುಟ್ಟಿನಲ್ಲೆಂಬಂತೆ ಕೇಳಿದ: "ಸುಮ್ನೆ ಕೂತಾಗ ಎಷ್ಟು ಕುಡಿಯೋದು?"

ಅಂಗಡಿಯವನ ಮುಖ ಬಿಳಿಚಿಕೊಂಡಿತು. "ಅಯ್ಯೋ, ಅಂಗಡೀಲಿ ಕೂತಾಗ ಮುಟ್ಟೋದೇ ಇಲ್ಲ ಸಾರ್! ಮನೆಗೆ ಹೋದ್ಮೇಲೆ ಒಂದು, ಹೆಚ್ಚಂದ್ರೆ ಎರಡು."

"ನೀವಲ್ಲ ಸ್ವಾಮೀ, ಮೆಷೀನು! ಕರೆಂಟು!"

ಮಗಳಿಗೆ ನಗು ತಡೆಯಲಾಗಲಿಲ್ಲ. ಅಪ್ಪ ಮಾತ್ರ ಗಂಭೀರವಾಗಿ ಲೆಕ್ಕ ಹೇಳಿದ. "ವರ್ಷಕ್ಕೆ ಎಂಟು ಸಾವಿರದ ಮೇಲೆ ಗಂಟೆ. ನಾವು ಫೋಟೋ ನೋಡೋದು ನೂರು ಗಂಟೆ ಇದ್ರೆ ಹೆಚ್ಚು. ಮಿಕ್ಕಿದ್ದೆಲ್ಲ ಇದು ಕಾಯ್ತಾ ಕೂರಬೇಕು. ಓಡೋರನ್ನ ಯಾರು ಬೇಕಾದ್ರೂ ಆರಿಸ್ತಾರೆ ಕಣಮ್ಮಾ, ಕೂರೋರನ್ನ ನೋಡಿ ಆರಿಸಬೇಕು."

ಕೊನೆಗೆ ಬಂದದ್ದು ಅಂಗೈಗಿಂತ ತುಸು ದೊಡ್ಡ ಬೋರ್ಡು. ಫ್ಯಾನಿಲ್ಲ, ಸದ್ದಿಲ್ಲ. ಎರಡು ಡಿಸ್ಕು, ಒಂದು ಕೆಟ್ಟರೆ ಇನ್ನೊಂದರಲ್ಲಿ ಅದರ ನಕಲು. ಡಿಸ್ಕುಗಳು ಮಲಗಿದಾಗ ಒಂಬತ್ತು ವ್ಯಾಟ್ ಎಂದು ಅಪ್ಪ ತಾನೇ ಅಳೆದು ನೋಡಿ, ಹುಡುಗನ ಹಾಗೆ ಕುಣಿದ. ಮಗಳು ಅದಕ್ಕೆ 'ಆಮೆ' ಎಂದು ಹೆಸರಿಟ್ಟಳು.

ಅಷ್ಟಕ್ಕೇ ನಿಲ್ಲಲಿಲ್ಲ. ಬೀದಿಯ ನಾಲ್ಕು ಮನೆಗಳಿಗೂ ಅದರಲ್ಲಿ ಒಂದೊಂದು ಖಾನೆ ಮಾಡಿ, ಅವರವರ ಪಾಸ್‌ವರ್ಡ್ ಅವರವರಿಗೇ ಬಿಟ್ಟ. ಮಗಳು ರೇಗಿದಳು: "ಕಂಡೋರ ಸಾಮಾನು ಇಡೋಕೆ ನಮ್ಮನೆ ಏನು ಗೋದಾಮಾ?"

"ಕಾಯೋರಿಗೆ ಒಂದೇನು, ಐದೇನು?" ಎಂದು ಅಪ್ಪ ನಕ್ಕಿದ್ದ.

*

ಮಗಳು ಎಕ್ಸ್‌ಟೆನ್ಷನ್ ಬೋರ್ಡ್ ತಂದು ಪ್ಲಗ್ ಸಿಕ್ಕಿಸಿದಳು.

"ಏಳುತ್ತೇನಮ್ಮಾ?" ಎಂದರು ಸೋದರಮಾವ, ತಪ್ಪು ಮಾಡಿದವರ ದನಿಯಲ್ಲಿ.

"ಏಳದೆ ಏನು? ಕರೆಂಟು ಬಂದ್ರೆ ತಾನೇ ಎದ್ದು ಕೂರೋ ಹಾಗೆ ಮಾಡಿಟ್ಟಿದ್ದಾರೆ ನಮ್ಮಪ್ಪ." ಹೇಳುವಾಗ ಅವಳಿಗೇ ಹೆಮ್ಮೆಯಾಯಿತು.

ಎದ್ದಿತು. ಆದರೆ ಎದ್ದು ಏನು ಪ್ರಯೋಜನ, ಅದರಲ್ಲಿ ಅಪ್ಪನ ಫೋಟೋ ಇದ್ದರಲ್ಲವೇ? ಆಗ ಪಕ್ಕದ ಮನೆಯ ಟೈಲರಮ್ಮ ಹತ್ತಿರ ಬಂದಳು.

"ನಮ್ಮ ಖಾನೆ ನೋಡೋಣ್ವಾ? ಮೊಮ್ಮಗಳ ಹುಟ್ಟಿದಬ್ಬಕ್ಕೆ ನಿಮ್ಮಪ್ಪ ಬಂದಿದ್ರು. ಎರಡು ಸಲ ಕೇಕು ಹಾಕಿಸ್ಕೊಂಡಿದ್ದು ನೆನಪಿದೆ, ಫೋಟೋದಲ್ಲಿ ಬಿದ್ದಿದ್ದಾರೋ ಇಲ್ವೋ."

ಆಕೆ ಮಗಳ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಪಾಸ್‌ವರ್ಡ್ ಹಾಕಿದಳು. ಮಗಳು ಒಂದೊಂದೇ ಫೋಟೋ ಸರಿಸುತ್ತಾ ಹೋದಳು. ಹನ್ನೆರಡನೆಯದರಲ್ಲಿ ಅವಳ ಬೆರಳು ನಿಂತಿತು.

"ಅಮ್ಮಾ, ಇಲ್ನೋಡು."

ಅಮ್ಮ ಫೋನು ಇಸಿದುಕೊಂಡು ನೋಡಿದಳು. ಮೊದಲು ನಕ್ಕಳು, ಆಮೇಲೆ ಬೆಳಗಿನಿಂದ ಅಳದಿದ್ದುದನ್ನೆಲ್ಲ ಅತ್ತಳು.

"ಮುಂದಿರೋ ಮಕ್ಕಳನ್ನ ಕತ್ತರಿಸಿ, ಅಪ್ಪ ಒಬ್ಬರನ್ನೇ ದೊಡ್ಡದು ಮಾಡಿಸ್ಲಾ?" ಎಂದಳು ಮಗಳು.

"ಬೇಡ. ಹೀಗೇ ಇರಲಿ. ಹೀಗೇ ಇದ್ದದ್ದು ಅವರು."

ಗಾಡಿ ಬಂದಾಗ ಪಟ ಅಪ್ಪನ ತಲೆಯ ಹತ್ತಿರ ಇತ್ತು. ಮುಂದೆ ಎಂಟು ಮಕ್ಕಳು ಕೆನ್ನೆ ಉಬ್ಬಿಸಿ ಮೇಣದಬತ್ತಿ ಊದುತ್ತಿದ್ದರು. ಎಲ್ಲರ ಕಣ್ಣೂ ಕೇಕಿನ ಮೇಲೆ. ಹಿಂದೆ, ಪಡಸಾಲೆಯ ಗೋಡೆಯ ಬಳಿ, ಒಂದು ಕೈಯಲ್ಲಿ ಕಾಗದದ ತಟ್ಟೆ ಹಿಡಿದು, ಮೀಸೆಗೆಲ್ಲ ಕೆನೆ ಮೆತ್ತಿಕೊಂಡು, ಕುರ್ಚಿ ಹತ್ತಿ ತುದಿಗಾಲಲ್ಲಿ ನಿಂತವನೊಬ್ಬ ಆ ಮನೆಯ ಮೀಟರನ್ನು ಓದುತ್ತಾ ನಗುತ್ತಿದ್ದ.